ಮುರಿಗೆವ್ವನ ‘ಮ’ ಎಲ್ಲಿದೆ?

ಪೀರಸಾಬನನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ತಿಕೋಟಾದ ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಅವನು ಇಪ್ಪತ್ತು ವರ್ಷದಿಂದ ಹಮಾಲ. ಯಾವ ರೈತನ ಒಣದ್ರಾಕ್ಷಿ ಎಲ್ಲಿದೆ ಎಂದು ಕೇಳಿದರೆ ಹಣೆ ಮುಟ್ಟಿ, “ಎಲ್ಲಾ ಇಲ್ಲೈತ್ರಿ” ಎನ್ನುತ್ತಿದ್ದ. ಹಾಗಾದರೆ ವಿಜಯಪುರದ ಗಾಂಧಿ ಚೌಕದಿಂದ ದಿನಾ ಬಸ್ಸಿನಲ್ಲಿ ಜೋತುಬಿದ್ದು ಬರುವ ಕಂಪ್ಯೂಟರ್ ಆಪರೇಟರ್ ಗೀತಾಂಜಲಿ, ಅಂದರೆ ನಾನು, ಯಾಕೆ ಬೇಕು?

ಮಗಳು ಮಿನಾಜಳ ಮದುವೆಗೆಂದು ಅವನು ರಜೆ ಹಾಕಿದ ವಾರ ನಾನು ಸೇಡು ತೀರಿಸಿಕೊಂಡೆ. ಉಳಿದ ಹಮಾಲರಿಂದ ಇಡೀ ಮಾಲನ್ನು ಹೊಸದಾಗಿ ಜೋಡಿಸಿದೆ. ಸ್ಟೋರಿನ ಸಾಲು, ಖಾನೆಗಳಂತೆಯೇ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ; ಒಬ್ಬೊಬ್ಬ ರೈತನಿಗೆ ಒಂದೊಂದು ಅಕ್ಷರ. ಅಕ್ಷರ ಒತ್ತಿದರೆ ಯಂತ್ರ ಒಂದೊಂದೇ ಸಾಲು, ಒಂದೊಂದೇ ಖಾನೆ ನೋಡುತ್ತ ಹೋಗಿ, ಅದು ಸಿಕ್ಕಲ್ಲಿ ನಿಂತು ಸ್ಥಾನ ಹೇಳುತ್ತದೆ. ಯಂತ್ರ ಎಣಿಸುವುದು ಸೊನ್ನೆಯಿಂದ. ಹಮಾಲರು ಎಣಿಸುವುದು ‘ಲಾಭ’ದಿಂದ, ಶುಭವಾಗಲೆಂದು. ಸೊನ್ನೆ ಬರುವಲ್ಲಿ ಲಾಭ ಎಂದು ತೋರಿಸುವಂತೆ ಮಾಡಿದೆ. ಮೊಟ್ಟಮೊದಲ ಖಾನೆಯ ಅಕ್ಷರ ಒತ್ತಿ ನೋಡಿದೆ, ಸರಿಯಿತ್ತು. ಇನ್ನು ಬಾಕ್ಸಿನ ಮೇಲೆ ಹೆಸರು ಬರೆಯುವುದೂ ದಂಡವೆಂದು ನಿಲ್ಲಿಸಿಬಿಟ್ಟೆ. ರಜೆ ಮುಗಿಸಿ ಬಂದು ಸ್ಟೋರಿನ ಕೀಲಿ ಮರಳಿ ತೆಗೆದುಕೊಂಡ ಪೀರಸಾಬನ ಮುಖ ಸಪ್ಪಗಾದದ್ದು ನೋಡಿ ನನಗೆ ಹಾಲು ಕುಡಿದಷ್ಟು ಖುಷಿಯಾಯಿತು.

ಮರುದಿನವೇ ಬಬಲೇಶ್ವರದ ಮುರಿಗೆವ್ವ ತನ್ನ ಮಾಲು ಒಯ್ಯಲು ಊರಿನ ನಾಲ್ಕಾರು ಮಂದಿಯೊಂದಿಗೆ ಟೆಂಪೋದಲ್ಲಿ ಬಂದಳು. ‘ಮ’ ಒತ್ತಿದೆ. ಸಾಲು ಎರಡು, ಖಾನೆ ಐದು ಎಂದಿತು. ಪೀರಸಾಬ ಹೋಗಿ ಬರಿಗೈಲಿ ಬಂದ.

“ಅಲ್ಲೇನಿಲ್ರಿ. ಖಾಲಿ ಐತಿ.”

“ಕೀಲಿ ನಿನ್ನ ಕಡೆ. ಖಾಲಿ ಹೆಂಗ ಆಗ್ತೈತಿ?” ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. “ಬೇಲೀನ ಎದ್ದು ಹೊಲಾ ಮೇದೈತಿ ನೋಡ್ರಿ. ಕಳ್ಳ ಇಲ್ಲೇ ಅದಾನ.”

“ನಿನ್ನ ಕೈ ಸೇದಿ ಹೋಗ್ಲಿ!” ಎಂದು ಮುರಿಗೆವ್ವ ನೆಲಕ್ಕೆ ಕೈ ಬಡಿದಳು.

ಮಾಲೀಕ ಸಿದ್ದಲಿಂಗೇಶ ಅವನ ಕೈಯಿಂದ ಕೀಲಿ ಕಿತ್ತುಕೊಂಡ. “ಮಗಳ ಮದಿವಿ ಸಾಲ ಹೆಂಗ ತೀರಸ್ತಿ ಅಂತ ಈಗ ತಿಳೀತಲೇ. ನಡಿ ಹೊರಗ.”

ಪೀರಸಾಬ ಕದಲಲಿಲ್ಲ. ನನ್ನ ಕಡೆ ತಿರುಗಿ, “ಅಕ್ಕಾರ, ನೀವ ಎಣಿಸಿ ತೋರಸ್ರಿ ಬರ್ರಿ” ಎಂದ.

ಅವನ ಸೊಕ್ಕು ಮುರಿಯಲೆಂದೇ ಒಳಗೆ ಹೋದೆ. ಮಾಲೀಕ, ಮುರಿಗೆವ್ವ ಹಿಂದೆಯೇ ಬಂದರು. ಒಂದೊಂದು ಸಾಲಿಗೂ ಬೆರಳು ಮಾಡಿ, “ಲಾಭ, ಒಂದು, ಎರಡು” ಎಂದೆ.

“ತಡೀರಿ. ಲಾಭ ಆದಮ್ಯಾಲ ಒಂದು ಯಾವ ಊರಾಗ ಬರ್ತೈತ್ರಿ? ಲಾಭ ಅಂದ್ರನ ಒಂದು. ಲಾಭ, ಎರಡು, ಮೂರು.”

ನನ್ನ ಬೆರಳು ಮೂರನೇ ಸಾಲಿನ ಮೇಲಿತ್ತು. ಅವನು ಹುಡುಕಿದ್ದು ಎರಡನೆಯದರಲ್ಲಿ. ಲಾಭವನ್ನು ಸೊನ್ನೆ ಅಂದುಕೊಂಡ ಜಾಣೆ ನಾನು. ಖಾನೆಯ ಲೆಕ್ಕವೂ ಹಾಗೆಯೇ ಒಂದು ತಪ್ಪಿತ್ತು. ಮೂರನೇ ಸಾಲಿನ ಆರನೇ ಖಾನೆಯಲ್ಲಿ ಹನ್ನೆರಡು ಬಾಕ್ಸುಗಳಿದ್ದವು. ಅವಕ್ಕೆ ಕಟ್ಟಿದ್ದ ತನ್ನ ಹಳೇ ಸೀರೆಯ ಅಂಚನ್ನು ಮುರಿಗೆವ್ವ ನೋಡಿದ ಕೂಡಲೇ ಗುರುತಿಸಿದಳು.

“ತಪ್ಪು ನಂದರಿ” ಎಂದೆ.

“ಮಾಲು ಸಿಕ್ತಲ್ಲ, ಬಿಡ್ರಿ” ಎಂದು ಸಿದ್ದಲಿಂಗೇಶ ಕೀಲಿ ಮುಂದೆ ಹಿಡಿದ. “ತಗೋಲೇ. ಬಾಕ್ಸ್ ಎತ್ತು.”

ಪೀರಸಾಬ ಕೈ ಚಾಚಲಿಲ್ಲ. “ಹೊರಗ ಟೆಂಪೋದಾಗಿನವ್ರೆಲ್ಲಾ ಕೇಳ್ಯಾರ. ಬಬಲೇಶ್ವರದಾಗ ನಮ್ಮ ಬೀಗರ ಮನಿ ಇವರ ಓಣ್ಯಾಗನ ಐತಿ.”

“ನಾನ ಹೋಗಿ ಹೇಳ್ತೇನಿ, ಮಿಷನ್ ತಪ್ಪಿತ್ತು ಅಂತ” ಎಂದೆ.

“ಹೇಳ್ರಿ. ಕಳ್ಳ ಅಂದದ್ದು ಒಂದ ಮಾತಿಗೆ ನಂಬ್ಯಾರ. ಅಲ್ಲ ಅನ್ನೂದನ್ನ ಎಷ್ಟ ಮಂದಿ ಮನಿಗೆ ಹೋಗಿ ಹೇಳ್ತೀರಿ?”

ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದ. ಮಿನಾಜ ಗಂಡನ ಮನೆಗೆ ಹೋಗಿ ಇನ್ನೂ ಎಂಟು ದಿನವೂ ಆಗಿರಲಿಲ್ಲ.