ನಳದ ಎತ್ತರ

ಮುಗದದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಊಟಕ್ಕೆ ಮುನ್ನ ಕೈ ತೊಳೆಯಲು ಇದ್ದದ್ದು ಒಂದು ಸೀಳುಬಿಟ್ಟ ಬಕೆಟ್ಟು. ಅಲ್ಲಿ ನಳಗಳ ಸಾಲಿರುವ ಕಟ್ಟೆಯೊಂದನ್ನು ಕಟ್ಟುವುದು ಸ್ಕೌಟ್ ಹುಡುಗ ಆಶಿಷ್ ಆರಿಸಿಕೊಂಡ ಸೇವಾಕಾರ್ಯ. ಹೊಣೆಯೆಲ್ಲ ಅವನದು. ಹಿರಿಯರು ಕೈಜೋಡಿಸಬಹುದು, ಆದರೆ ಅವನು ಹೇಳಿದಂತೆ ದುಡಿಯಬೇಕೆಂಬುದು ಅವರ ದಳದ ಪದ್ಧತಿ. ಹೀಗಾಗಿ ಅವನ ತಂದೆ ಏಕನಾಥರು ಭಾನುವಾರಗಳಂದು ಧಾರವಾಡದಿಂದ ಬಂದು, ಮಗನ ಅಪ್ಪಣೆಯಂತೆ ಉಸುಕು ಸೋಸಿದರು, ಇಟ್ಟಿಗೆ ನೆನೆಸಿದರು. ನಾಲ್ಕು ವರ್ಷದ ಹಿಂದೆ ಆಶಿಷ್‌ನ ತಂಗಿ ಮಾನಸಿ ಒಂದನೆಯ ತರಗತಿಯಲ್ಲಿದ್ದಾಗ ಜ್ವರ ಬಂದು ತೀರಿಹೋಗಿದ್ದಳು. ಆಮೇಲೆ ತಂದೆ ಮಗ ಕೂಡಿ ಮಾಡಿದ ಮೊದಲ ಕೆಲಸ ಇದು.

ಏಕನಾಥರು ಮೋಜಣಿದಾರರು, ಹೊಲಗಳ ಗಡಿ ಅಳೆದು ಕಲ್ಲು ನೆಡಿಸುವುದು ಅವರ ನೌಕರಿ. ಆದ್ದರಿಂದ ಗೌಂಡಿ ಮಕಬೂಲಸಾಬ, "ನಳಾ ಎಷ್ಟ ಎತ್ತರಕ್ಕ ಇಡೂಣ್ರಿ?" ಎಂದಾಗ ಆಶಿಷ್ ತಂದೆಯತ್ತ ನೋಡಿದ. ಏಕನಾಥರು ಟೇಪು ಬಿಚ್ಚಲಿಲ್ಲ. ಯಾರದೋ ತಲೆಯ ಮೇಲೆ ಇಟ್ಟಂತೆ ಅಂಗೈಯನ್ನು ಗಾಳಿಯಲ್ಲಿ ನಿಲ್ಲಿಸಿದರು. ಅಲ್ಲಿಂದ ಹೆಗಲಿನ ಮಟ್ಟಕ್ಕೆ ಇಳಿದು ಗೋಡೆಗೆ ಗೆರೆ ಎಳೆದರು.

"ಮೋಜಣಿ ಸಾಹೇಬ್ರ ಗೆರಿ! ಇದನ್ನ ಕೋರ್ಟೂ ಅಳಸಾಂಗಿಲ್ಲ ಬಿಡ್ರಿ," ಎಂದು ನಗುತ್ತ ಮಕಬೂಲಸಾಬ ಕರಣೆ ಎತ್ತಿಕೊಂಡ.

ಗಾರೆ ಗಟ್ಟಿಯಾದ ಮೇಲೆ, ಒಂದು ಶನಿವಾರ ಬೆಳಗಿನ ಶಾಲೆಯ ಹೊತ್ತಿಗೆ ಆಶಿಷ್ ನೀರು ಬಿಟ್ಟ. ಏಕನಾಥರೂ ರಜೆ ಹಾಕಿ ಬಂದಿದ್ದರು. ದೊಡ್ಡ ಮಕ್ಕಳು ಕೇಕೆ ಹಾಕುತ್ತ ಕೈ ತೊಳೆದರು. ಒಂದನೆಯ ತರಗತಿಯ ಗೀತಾಂಜಲಿಗೆ ಮಾತ್ರ ನಳ ಮೂಗಿಗಿಂತ ಮೇಲಿತ್ತು. ತುದಿಗಾಲಲ್ಲಿ ನಿಂತು ಕೈಯೊಡ್ಡಿದರೆ ನೀರು ತೋಳಿನಗುಂಟ ಇಳಿದು ಅಂಗಿಯೆಲ್ಲ ತೊಯ್ದಿತು. ಅವಳ ಹಿಂದೆ ನಿಂತಿದ್ದ ಚಿಕ್ಕವರೆಲ್ಲರದೂ ಅದೇ ಗತಿ.

"ರೊಟ್ಟಿ ತಿನ್ನಬೇ, ಲಗೂ ಬೆಳೀತಿ," ಎಂದು ದೊಡ್ಡ ಹುಡುಗನೊಬ್ಬ ಕಾಡಿಸಿದ.

ಆಶಿಷ್ ತಂದೆಯ ಬಳಿ ಬಂದ. "ಅಪ್ಪಾ, ಇದನ್ನ ಒಡೀಬೇಕು. ಸಣ್ಣವರಿಗೆ ನಿಲುಕೂದಿಲ್ಲ."

"ಕೆಳಗ ಒಂದು ಮೆಟ್ಟಲಾ ಕಟ್ಟಿದ್ರ ಆತು."

"ಹಸಿ ಮೆಟ್ಟಲಾರಿ, ಪಾಚಿ ಕಟ್ಟತೈತಿ," ಎಂದ ಮಕಬೂಲಸಾಬ. "ಕೂಸು ಜಾರಿದ್ರ ನಳಾನ ಹಲ್ಲಿಗೆ ಬಡೀತೈತ್ರಿ."

"ಒಡೀಬ್ಯಾಡ್ರಿ ಅಂದೆ!" ಏಕನಾಥರ ದನಿ ಏರಿತು. "ಅಳತಿ ಬರೋಬ್ಬರಿ ಅದ. ನಮ್ಮ ಮಾನಸಿಗೆ ಸರೀ ನಿಲುಕತದ."

ಮಕಬೂಲಸಾಬ ತಲೆ ತಗ್ಗಿಸಿದ. ತಾವು ಆಡಿದ ಮಾತು ಏಕನಾಥರ ಕಿವಿಗೇ ತಡವಾಗಿ ತಲುಪಿತು.

ಪ್ರತಿ ವರ್ಷ ಶಾಲೆ ತೆರೆಯುವ ದಿನ ಅವರು ಮಾನಸಿಯನ್ನು ಮನಸ್ಸಿನಲ್ಲೇ ಮೇಲಿನ ತರಗತಿಗೆ ಕಳಿಸುತ್ತ ಬಂದಿದ್ದರು. ಆ ವಯಸ್ಸಿನಲ್ಲಿ ಆಶಿಷ್ ಎಷ್ಟು ಬೆಳೆದಿದ್ದನೆಂದು ನೆನೆದು, ಹುಡುಗಿಯೆಂದು ತುಸು ಕಳೆದು, ಉಳಿದದ್ದನ್ನು ಅವಳ ಎತ್ತರಕ್ಕೆ ಕೂಡಿಸುತ್ತಿದ್ದರು. ಹೆಂಡತಿಗೂ ಹೇಳಿರಲಿಲ್ಲ. ಈಗ ಅವಳು ಐದನೆಯ ತರಗತಿ. ಅಂದು ಅವರ ಅಂಗೈ ನಿಂತದ್ದು ಅವಳ ನೆತ್ತಿಯ ಮೇಲೆ.

ಆಶಿಷ್ ಗೀತಾಂಜಲಿಯನ್ನು ಹತ್ತಿರ ಕರೆದು ಅವಳ ತಲೆಯ ಮೇಲೆ ಕೈಯಿಟ್ಟ.

"ಅಪ್ಪಾ, ಅಕಿ ಇಷ್ಟ ಇದ್ಲು," ಎಂದ. "ಇಷ್ಟ."

ಏಕನಾಥರು ಬಹಳ ಹೊತ್ತು ಆ ಕೈಯನ್ನೇ ನೋಡಿದರು. ಅದನ್ನು ಒಪ್ಪಿದರೆ ಈ ನಾಲ್ಕು ವರ್ಷ ಮನಸ್ಸಿನಲ್ಲೇ ಬೆಳೆಸಿದ ಮಗಳು ಇಲ್ಲವಾಗುತ್ತಾಳೆ. ಒಪ್ಪದಿದ್ದರೆ ಈ ಮಕ್ಕಳಿಗೆ ನೀರಿಲ್ಲ.

"ಗೆರಿ ಮತ್ತ ಹಾಕ್ರಿ, ಅಪ್ಪಾ," ಎಂದ ಮಗ. ಅಪ್ಪಣೆ ಕೊಡುವ ಅಧಿಕಾರ ಅವನಿಗಿತ್ತು. ಆದರೂ ಬೇಡಿಕೊಂಡಂತೆಯೇ ಕೇಳಿಸಿತು.

ಏಕನಾಥರು ನೆಲಕ್ಕೆ ಮೊಳಕಾಲೂರಿದರು. ಈ ಸಲ ಟೇಪು ಬಿಚ್ಚಿದರು. ಗೀತಾಂಜಲಿಯ ಮೊಳಕೈಯನ್ನು ಮೆಲ್ಲಗೆ ಮಡಿಸಿ ಹಿಡಿದು, ಹಳೆಯ ಗೆರೆಗಿಂತ ಬಹಳ ಕೆಳಗೆ ಹೊಸದನ್ನು ಎಳೆದರು. ಹುಡುಗಿ ಬಗ್ಗಿ ಅದನ್ನು ನೋಡಿದಳು.

"ನಾ ದೊಡ್ಡಾಕಿ ಆದ ಮ್ಯಾಲೆ ಹೆಂಗ್ರಿ?"

"ಆವಾಗ ಬಗ್ಗಿ ತೊಳಕೊ, ಅವ್ವಾ," ಎಂದರು ಏಕನಾಥರು.

ಮಕಬೂಲಸಾಬ ಚಾಣವನ್ನೂ ಸುತ್ತಿಗೆಯನ್ನೂ ಆಶಿಷ್‌ನ ಕಡೆ ಚಾಚಿದ. ನಡುವೆ ಕೈಯೊಡ್ಡಿ ಏಕನಾಥರು ತಾವೇ ತೆಗೆದುಕೊಂಡರು. ಗೋಡೆ ಚೆನ್ನಾಗಿ ನೀರುಂಡು ಗಟ್ಟಿಯಾಗಿತ್ತು. ಬಹಳ ಹೊತ್ತು ಬಡಿಯಬೇಕಾಯಿತು.