ಭೇದಿ ನಿಂತ ಮೇಲೆ

ಉಗುಳಿಬಿಟ್ಟಿತು ಮಗು. ಚಮಚದಲ್ಲಿ ಕರಗಿಸಿದ್ದ ಜಿಂಕ್ ಮಾತ್ರೆಯ ಬಿಳಿ ನೀರು ಡಾಕ್ಟರ್ ಕೃಷ್ಣನ ಅಂಗಿಯ ತೋಳಿನ ಮೇಲೆ ಇಳಿಯಿತು.

"ಇನ್ನೊಂದು ತಗೋ. ನಿನ್ನ ಹಾಲಲ್ಲೇ ಕರಗಿಸು," ಎಂದ.

ಕೆಂಚಿ ಮಾತ್ರೆ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ಅವಳ ಮಗ ಬೆಳ್ಳನಿಗೆ ಇನ್ನೂ ಎರಡು ತುಂಬಿರಲಿಲ್ಲ. ವಾರದಿಂದ ಭೇದಿ. ತೊಡೆ ಮೊಣಕಾಲಿಗಿಂತ ಸಣ್ಣಗಾಗಿತ್ತು. ಓಆರ್‌ಎಸ್ ನೀರಿಗೆ ನಿನ್ನೆಯಷ್ಟೇ ಕಣ್ಣು ಬಿಟ್ಟಿದ್ದ.

ಕೃಷ್ಣ ಬಾಗಿಲಾಚೆ ನೋಡುತ್ತ ನಿಂತ. ಕಾಡೊಳಗಿನ ಹಾಡಿಯ ಜನರನ್ನು ಸರ್ಕಾರ ಎಬ್ಬಿಸಿ ತಂದು ವೀರನಹೊಸಹಳ್ಳಿಯ ಹತ್ತಿರ ಕೂರಿಸಿದ ಸಾಲುಮನೆಗಳು. ಆ ಹಳೆಯ ಹಾಡಿಯಲ್ಲೇ ಅವನೂ ಕೆಂಚಿಯೂ ಹುಟ್ಟಿದ್ದು. ಅವಳು ಇಲ್ಲಿಗೆ ಬಂದಳು. ಅವನು ಹುಣಸೂರಿನ ಹಾಸ್ಟೆಲಿಗೆ ಹೋದ, ಅಲ್ಲಿಂದ ಮೈಸೂರಿಗೆ, ಕೊನೆಗೆ ಒಂದು ಸ್ಟೆತಸ್ಕೋಪಿಗೆ.

ಈ ಸಲ ಬೆಳ್ಳ ನುಂಗಿದ. ನುಂಗಿದವನೇ ಒಲೆಯ ಅಂಚಿನ ಮಣ್ಣು ಕಿತ್ತು ಬಾಯಿಗಿಟ್ಟ. ಕೆಂಚಿ ಕೈಗೆ ಹೊಡೆದಳು.

ಮೊದಲ ಮಳೆ ಬಿದ್ದ ಹುತ್ತದ ಮಣ್ಣಿನ ವಾಸನೆ ಕೃಷ್ಣನ ಮೂಗಿಗೆ ಎಲ್ಲಿಂದಲೋ ಬಂತು. ಚಿಕ್ಕಂದಿನಲ್ಲಿ ಅವನೂ ಕೆಂಚಿಯೂ ಬಿದಿರ ಮೆಳೆಯ ಹಿಂದೆ ಅಡಗಿ ಅದನ್ನು ಮುಕ್ಕುತ್ತಿದ್ದರು. ಆಮೇಲೆ ನಾಲಿಗೆ ಚಾಚಿ, ಯಾರದು ಹೆಚ್ಚು ಕೆಂಪು ಎಂದು ಜಗಳ. ಖನಿಜದ ಕೊರತೆ ಎಂದು ಅದಕ್ಕೊಂದು ಹೆಸರಿರುವುದು ಆಗ ಗೊತ್ತಿರಲಿಲ್ಲ. ಎಷ್ಟು ರುಚಿಯಾಗಿತ್ತು!

"ನಾವೂ ತಿಂತಿದ್ವಲ್ಲ ಕೆಂಚಿ. ಹುತ್ತದ್ದು."

ಅವಳು ಮಗುವಿನ ಬಾಯಿ ಒರೆಸುತ್ತಿದ್ದಳು. "ಗೆಪ್ತಿ ಇಲ್ಲ ಸಾ."

ಅವನು ಮಾತ್ರೆಯ ಪಟ್ಟಿ ಚಾಚಿದ. "ಹೋದ ಸಲ ಭೇದಿ ನಿಂತ ದಿನಾನೇ ನೀನು ಮಾತ್ರೆ ನಿಲ್ಲಿಸಿಬಿಟ್ಟೆ. ಅದಕ್ಕೇ ತಿರುಗಿ ಹಿಡ್ಕೊಂಡಿದ್ದು. ಈ ಸಲ ಪೂರ್ತಿ ಕೊಡ್ಬೇಕು."

"ನಿಂತೋದ್ ಮ್ಯಾಲೂ ಯಾಕ್ ಸಾ?"

"ಭೇದಿ ಜೊತೆ ಮೈಯೊಳಗಿನ ಸತ್ವಾನೂ ಹರಿದು ಹೋಗಿರ್ತದೆ. ಅದು ತುಂಬಬೇಕು."

"ಓಗಿದ್ದು ತಿರುಗಿ ಬತ್ತದಾ?"

ಅವನು ಪಟ್ಟಿಯನ್ನು ಅವಳ ಕೈಗಿಟ್ಟ. "ಬರ್ತದೆ."

ಮೂಲೆಯಲ್ಲಿ ಕೂತಿದ್ದ ಅತ್ತೆಗೆ ಕೆಂಚಿ ಹಾಡಿಯ ಮಾತಿನಲ್ಲಿ ಏನೋ ಹೇಳಿದಳು. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಅವನ ತಾಯಿ ಆಡುತ್ತಿದ್ದ ಮಾತು ಅದು. ಅರ್ಧ ಅರ್ಥವಾಯಿತು, ನಗು ಇದ್ದದ್ದು ಉಳಿದರ್ಧದಲ್ಲಿ.

"ಏನಂದೆ?"

"ಏನಿಲ್ಲ ಸಾ. ನೀವು ಒಳ್ಳೇವ್ರು ಅಂದೆ."

ಅದಲ್ಲವೆಂದು ಅವನಿಗೆ ಗೊತ್ತಾಯಿತು. ಅವಳದೇ ಮಾತಿನಲ್ಲಿ ಉತ್ತರ ಕೊಡಬೇಕೆಂದು ಬಾಯಿ ತೆರೆದ. ನಾಲಿಗೆಗೆ ಸಿಕ್ಕಿದ್ದು ಕನ್ನಡ. "ಸರಿ, ಬರ್ತೀನಿ."

ಬೆಳ್ಳ ಗಂಜಿಗೆ ಅಳತೊಡಗಿದ. ಹಸಿವಿನ ಅಳು, ಒಳ್ಳೆಯ ಲಕ್ಷಣ. ಯಾರೂ ಕೃಷ್ಣನನ್ನು ಕಳಿಸಲು ಏಳಲಿಲ್ಲ.

ಜೀಪಿನ ಕಡೆ ಹೋಗಬೇಕಾದ ಕಾಲು ಕಾಡಿನ ಕಡೆ ನಡೆಯಿತು. ಸಾಲುಮನೆಗಳು ಮುಗಿದಲ್ಲಿ ಆನೆ ಬಾರದಂತೆ ತೋಡಿದ ಕಂದಕ. ಅದರಾಚೆ ಎಲ್ಲೋ ಒಳಗೆ ಹಳೆಯ ಹಾಡಿ. ಕಂದಕದ ಅಂಚಿಗೆ ಬಂದು ನಿಂತ.

ಆಚೆ ದಡದಲ್ಲಿ ನೇರಳೆ ಮರ ಕಪ್ಪಗೆ ಹಣ್ಣಾಗಿ ಬಾಗಿತ್ತು. ಕೈ ಚಾಚಿದ, ಎಟುಕಲಿಲ್ಲ. ಗಾಳಿ ಬೀಸಿತು. ಹಣ್ಣುಗಳು ಆ ದಡಕ್ಕೂ ಬೀಳದೆ, ಈ ದಡಕ್ಕೂ ಬೀಳದೆ, ಕಂದಕದ ತಳದಲ್ಲಿ ಕೊಳೆಯುತ್ತಿದ್ದ ಹಣ್ಣಿನ ಮೇಲೆ ಒಂದೊಂದಾಗಿ ಉದುರುತ್ತಲೇ ಇದ್ದವು.