ಹನ್ನೊಂದರವರೆಗಿನ ಸಂತೆ

ಶನಿವಾರ ಸಂಜೆಯಾಯಿತೆಂದರೆ ಪೊಲೀಸ್ ಎ.ಎಸ್.ಐ. ಜಯಪ್ರಕಾಶನಿಗೆ ಮಂಡಿ ನೋಯಲು ಶುರುವಾಗುತ್ತಿತ್ತು. ಭಾನುವಾರ ಇಡೀ ದಿನ ನಿಂತು ನೋವು ಬರುವುದು ಬೇರೆ. ಇದು, ನಾಳೆ ಮತ್ತೆ ನಿಲ್ಲಬೇಕಲ್ಲ ಎಂದು ನೆನೆದೇ ಬರುವ ನೋವು. ಹೆಂಡತಿ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು. ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತು, ನಾಳೆ ಮಳೆ ಬಂದರೆ ಸಾಕಪ್ಪ ಎಂದುಕೊಳ್ಳುತ್ತಿದ್ದ. ಹೊಳಲು ಎಂಬ ಹಳ್ಳಿಯ ರೈತನ ಮಗನಾಗಿ ಮಳೆಯನ್ನು ಬೇಡಲು ಅವನಿಗೆ ಇನ್ನೊಂದು ಕಾರಣ ಸಿಕ್ಕಿದ್ದು ಬಸವನಕಡವಿಗೆ ಬಂದ ಮೇಲೆ.

ಮಳವಳ್ಳಿಯಿಂದ ಕಾವೇರಿಯ ಕಡೆಗೆ ಇಳಿಯುವ ದಾರಿಯಲ್ಲಿ ಕಟ್ಟಕಡೆಯ ಪೇಟೆ ಬಸವನಕಡವು. ಹಿಂದೆ ಹರಿಗೋಲಿನಲ್ಲಿ ಹೊಳೆ ದಾಟುವವರನ್ನು ಬಿಟ್ಟರೆ ಹೊರಗಿನವರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಈಗ ದಂಡೆಯುದ್ದಕ್ಕೂ ರೆಸಾರ್ಟುಗಳು, ಹೋಂಸ್ಟೇಗಳು, ಮೀನು ಕರಿಯುವ ಅಂಗಡಿಗಳು. ಬೆಂಗಳೂರಿನವರು ಬೆಳಿಗ್ಗೆ ಹೊರಟು, ಮದ್ದೂರಿನಲ್ಲಿ ತಿಂಡಿ ಮುಗಿಸಿ, ನೇರ ಇಲ್ಲಿಗೆ ಬಂದು ಬೀಳುತ್ತಿದ್ದರು. ಹೊಳೆಗೆ ಹೋಗಲು ಇದ್ದದ್ದು ಒಂದೇ ದಾರಿ, ಪೇಟೆಬೀದಿ. ಎರಡು ಎತ್ತಿನಗಾಡಿ ಎದುರುಬದುರಾಗಿ ದಾಟಿದರೆ ಸಾಕು ಎಂದು ಯಾವ ಕಾಲದಲ್ಲೋ ಬಿಟ್ಟ ಬೀದಿ ಅದು. ಅದೇ ಬೀದಿಯಲ್ಲಿ ಭಾನುವಾರ ಸುತ್ತಲ ಹಳ್ಳಿಯ ಹೆಂಗಸರು ಸೊಪ್ಪು, ತರಕಾರಿ, ಕೋಳಿಮೊಟ್ಟೆ ಹಾಕಿಕೊಂಡು ಕೂರುತ್ತಿದ್ದರು.

ಸಂತೆಯನ್ನು ಊರ ಹಿಂದಿನ ಬಯಲಿಗೆ ಹಾಕಿ ನೋಡಿದ್ದಾಗಿತ್ತು. ಹೆಂಗಸರು ಹೋಗಿ ಕೂತರು, ಕೊಳ್ಳುವವರು ಬರಲಿಲ್ಲ. ಒಂದು ತಿಂಗಳು ಬಿಸಿಲು ಕಾದು, ಒಬ್ಬೊಬ್ಬರಾಗಿ ಮತ್ತೆ ಬೀದಿಗೆ ಬಂದರು. ಮೊದಲು ಮೂಲೆಯಲ್ಲಿ, ಆಮೇಲೆ ಮೋರಿಯ ಮೇಲೆ, ಆಮೇಲೆ ಹಳೆಯ ಜಾಗದಲ್ಲೇ. ಅವರನ್ನು ಎಬ್ಬಿಸುವುದು ಜಯಪ್ರಕಾಶನ ಕೆಲಸ. ಅವನು ಆ ತುದಿಯಿಂದ ಎಬ್ಬಿಸಿಕೊಂಡು ಬರುವಷ್ಟರಲ್ಲಿ ಈ ತುದಿಯವರು ಕೂತಿರುತ್ತಿದ್ದರು.

ಎಲ್ಲರಿಗಿಂತ ಜಗಮೊಂಡಿ ಚಿಕ್ಕಲಕ್ಷ್ಮಮ್ಮ. ಅರವತ್ತು ದಾಟಿದ ಹೆಂಗಸು, ಗಂಡ ಇಲ್ಲ, ಮಗಳನ್ನು ಶಿವಪುರದ ಕಡೆ ಕೊಟ್ಟಿದ್ದಳು. ದಂಟಿನ ಸೊಪ್ಪು, ಸಬ್ಬಸಿಗೆ, ಹೀರೇಕಾಯಿ ತಂದು, ಮರಿಸಿದ್ದಯ್ಯನ ಹೋಟೆಲಿನ ಎದುರಿಗೆ ಗೋಣಿಚೀಲ ಹಾಸಿ ಕೂತರೆ ಮುಗಿಯಿತು. ಬೇಸಿಗೆಯ ಒಂದು ಭಾನುವಾರ, ಹೇಳಿ ಹೇಳಿ ಸಾಕಾಗಿ, ಜಯಪ್ರಕಾಶನೇ ಬಗ್ಗಿ ಅವಳ ಸೊಪ್ಪಿನ ಮಂಕರಿಯನ್ನು ಎತ್ತಲು ಹೋದ. ಅರ್ಧ ಎತ್ತಿದವನು ಹಾಗೆಯೇ ನಿಂತುಬಿಟ್ಟ. ಮೇಲಕ್ಕೂ ಬರಲಾಗದು, ಕೆಳಕ್ಕೂ ಆಗದು.

"ಏನಾಯ್ತಪ್ಪಾ?" ಎಂದಳು ಅವಳು.

"ಸೊಂಟ ಇಡ್ಕಂತು ಕಣಮ್ಮ."

"ಕೂತ್ಕೊ, ಕೂತ್ಕೊ. ನಾವು ಕೂತ್ರೆ ತಾನೇ ಕಾರ್ನೋರಿಗೆ ಅಡ್ಡ, ನೀನು ಕೂತ್ರೆ ಯಾರೇನಂದಾರು?"

ಮಂಕರಿ ಇಸಿದುಕೊಂಡು, ತೋಳು ಹಿಡಿದು, ಹೋಟೆಲಿನ ಜಗಲಿಯ ಮೇಲೆ ಅವನನ್ನು ಕೂರಿಸಿದಳು. ಬಾಟಲಿಯ ನೀರು ಕೊಟ್ಟಳು. ಅವನು ನೀರು ಕುಡಿದು ಅಲ್ಲೇ ಕೂತ. ಬೀದಿಯಲ್ಲಿ ಕಾರುಗಳ ಹಾರ್ನ್ ಹೊಡೆದುಕೊಳ್ಳುತ್ತಲೇ ಇತ್ತು. ಎದ್ದು ಹೋಗಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ.

"ನಿಂಗೂ ಸಾಕಾಗೈತೆ, ನಂಗೂ ಸಾಕಾಗೈತೆ," ಎಂದಳು ಚಿಕ್ಕಲಕ್ಷ್ಮಮ್ಮ. "ಒಂದ್ ಮಾತೇಳ್ತೀನಿ ಕೇಳು. ಈ ಕಾರ್ನೋರು ಜಾಸ್ತಿ ಬರಾದು ಎಷ್ಟೊತ್ಗೆ?"

"ಅನ್ನೊಂದರ ಮೇಲೆ."

"ಅಲ್ಲೀಗಂಟ ನಮ್ಮುನ್ನ ಬುಟ್ಬುಡು. ಅನ್ನೊಂದಕ್ಕೆ ನಾವೇ ಎದ್ದೋಯ್ತೀವಿ. ನೀನು ಬಾಯಿ ಬುಡಂಗಿಲ್ಲ, ಕೋಲು ಎತ್ತಂಗಿಲ್ಲ."

"ನೀನೇನೋ ಏಳ್ತೀಯ. ಉಳಿದೋರು?"

"ಅವರ್ನ ಏಳ್ಸೋದು ನನ್ ಕೆಲ್ಸ. ಕಾರ್ನ ನಿಲ್ಸೋದು ನಿನ್ ಕೆಲ್ಸ."

ಆದೇಶವಿಲ್ಲ, ಕಾಗದವಿಲ್ಲ. ಮುಂದಿನ ಭಾನುವಾರದಿಂದ ಹಾಗೆಯೇ ನಡೆಯಿತು. ಊರ ಬಾಗಿಲಿನ ಶಾಲೆಯ ಹತ್ತಿರ ಜಯಪ್ರಕಾಶ್ ಬ್ಯಾರಿಕೇಡ್ ಅಡ್ಡ ಎಳೆದ. ಬೇಗ ಬಂದ ಕಾರುಗಳನ್ನು ಹೋಂಗಾರ್ಡ್ ನಾಗಶ್ರೀ ಶಾಲೆಯ ಬಯಲಿಗೆ ತಿರುಗಿಸುತ್ತಿದ್ದಳು. ಕೆಲವರು ಗೊಣಗಿಕೊಂಡು ಕಾಯುತ್ತಿದ್ದರು, ಕೆಲವರು ಇಳಿದು ನಡೆದೇ ಪೇಟೆ ನೋಡಲು ಹೋಗುತ್ತಿದ್ದರು. ಹನ್ನೊಂದಾಗುತ್ತಿದ್ದಂತೆ ಚಿಕ್ಕಲಕ್ಷ್ಮಮ್ಮ ಸೆರಗು ಕೊಡವಿ ಎದ್ದು, "ಏಳ್ರಮ್ಮೀ, ಆಯ್ತು, ಏಳ್ರೀ," ಎಂದು ಬೀದಿಯುದ್ದಕ್ಕೂ ಕೂಗಿಕೊಂಡು ಹೋಗುತ್ತಿದ್ದಳು. ಒಬ್ಬಿಬ್ಬರು ತಕರಾರು ಮಾಡಿದರೆ ಅವಳು ಬೈಯುವ ಬೈಗುಳ ಪೊಲೀಸರ ಬಾಯಲ್ಲೂ ಬರುತ್ತಿರಲಿಲ್ಲ. ಬೇಸಿಗೆ ಹೀಗೆ ಕಳೆಯಿತು. ಜಯಪ್ರಕಾಶನ ಮಂಡಿ ನೋವು ಹೋಗಲಿಲ್ಲ, ಆದರೆ ಶನಿವಾರ ಸಂಜೆಯ ಬಿಸಿನೀರು ನಿಂತಿತು.

ಆಗಸ್ಟಿನಲ್ಲಿ ಮೇಲಿನ ಅಣೆಕಟ್ಟೆ ತುಂಬಿ ನೀರು ಬಿಟ್ಟರು. ಹೊಳೆ ಎರಡೂ ದಡ ಮುಟ್ಟಿ ಹರಿಯಿತು. ಅದರ ಮೇಲೆ ಸೋಮವಾರವೂ ರಜೆ ಸೇರಿಕೊಂಡಿತು. ಆ ಭಾನುವಾರ ಜಯಪ್ರಕಾಶ್ ಬ್ಯಾರಿಕೇಡಿನ ಹತ್ತಿರ ಬರುವ ಹೊತ್ತಿಗಾಗಲೇ ಶಾಲೆಯ ಬಯಲು ಅರ್ಧ ತುಂಬಿತ್ತು. ಎಂಟೂವರೆಗೆ ಪೂರ್ತಿ ತುಂಬಿತು. ಆಮೇಲೆ ಬಂದ ಕಾರುಗಳು ಮಳವಳ್ಳಿ ರಸ್ತೆಯಲ್ಲೇ ಸಾಲುಗಟ್ಟಿದವು.

"ಸಾರ್, ಸಾಲಿನ ಬಾಲಾನೇ ಕಾಣ್ತಾ ಇಲ್ಲ," ಎಂದಳು ನಾಗಶ್ರೀ. "ಬುಟ್ಬುಡಾನಾ?"

ಜಯಪ್ರಕಾಶ್ ಬೀದಿಯ ಕಡೆ ನೋಡಿದ. ಹೆಂಗಸರು ಆಗಷ್ಟೇ ಗೋಣಿ ಹಾಸುತ್ತಿದ್ದರು. ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು.

"ಬ್ಯಾಡ. ಇನ್ನೊಂದು ಸ್ವಲ್ಪ ತಡಿ."

ಕಾರುಗಳಿಂದ ಜನ ಇಳಿದು ಬರತೊಡಗಿದರು. ಎಲ್ಲರೂ ಕೆಟ್ಟವರೇನಲ್ಲ. ಒಬ್ಬಾಕೆ ಮಗುವಿಗೆ ವಾಂತಿಯಾಗುತ್ತಿದೆ ಎಂದಳು, ನಾಗಶ್ರೀ ಕರೆದುಕೊಂಡು ಹೋಗಿ ನೆರಳಲ್ಲಿ ಕೂರಿಸಿದಳು. ಮುದುಕರೊಬ್ಬರಿಗೆ ಶಾಲೆಯ ಶೌಚಾಲಯ ತೆಗೆಸಿಕೊಟ್ಟದ್ದಾಯಿತು. ಆದರೆ ಬಿಳಿ ಕಾರಿನ ಒಬ್ಬ ದಾಂಡಿಗ ಮಾತ್ರ ಕೆಳಗೆ ಇಳಿಯಲೇ ಇಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ.

"ರೋಡ್ ಯಾಕ್ರೀ ಮುಚ್ಚಿದೀರ?"

"ಸಂತೆ ಐತೆ ಸಾರ್. ಹನ್ನೊಂದಕ್ಕೆ ತೆಗೀತೀವಿ."

"ಸೊಪ್ಪು ಮಾರೋರಿಗೋಸ್ಕರ ನಾವು ಬಿಸಿಲಲ್ಲಿ ಕಾಯ್ಬೇಕಾ? ಆರ್ಡರ್ ಇದೆಯಾ? ತೋರಿಸಿ."

ಜಯಪ್ರಕಾಶನ ಹತ್ತಿರ ತೋರಿಸಲು ಏನೂ ಇರಲಿಲ್ಲ. "ಸ್ವಲ್ಪ ಸಹಕರಿಸಿ ಸಾರ್," ಎಂದ. ಆ ಮಾತನ್ನು ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿದ್ದನೆಂದರೆ ಅದು ಈಗ ಅವನ ಬಾಯಲ್ಲಿ ಮಾತಿನಂತೆಯೇ ಕೇಳಿಸುತ್ತಿರಲಿಲ್ಲ.

ಬಿಳಿ ಕಾರು ಮುಂದಕ್ಕೆ ಬಂತು. ಮೊದಲು ಬ್ಯಾರಿಕೇಡಿಗೆ ಮುಟ್ಟಿತು, ಆಮೇಲೆ ಅದನ್ನು ತಳ್ಳಿತು. ಹಿಂದೆ ನಿಂತಿದ್ದ ಜಯಪ್ರಕಾಶ್ ಎರಡು ಕೈಯಲ್ಲೂ ಒತ್ತಿ ಹಿಡಿದ. ನೋಯುತ್ತಿದ್ದ ಮಂಡಿ ಮಡಿಚಿಕೊಂಡಿತು. ಬ್ಯಾರಿಕೇಡಿನ ಜೊತೆಗೆ ಅವನೂ ರಸ್ತೆಗೆ ಬಿದ್ದ. ಟೋಪಿ ಉರುಳಿ ಹೋಯಿತು. ಅವನು ಎದ್ದವನೇ ಕಾರಿನ ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿದು, "ಲೇ, ಇಳಿಯಲಾ ಕೆಳಕ್ಕೆ!" ಎಂದು ಕೂಗಿದ. ಸುತ್ತ ನಿಂತವರ ಕೈಯಲ್ಲಿ ಮೊಬೈಲುಗಳು ಎದ್ದಿದ್ದವು.

ಸುದ್ದಿ ಬೀದಿಗೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಚಿಕ್ಕಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿರಬಿರನೆ ಬಂದಳು. ಅವಳ ಹಿಂದೆ ಬೀದಿಯಲ್ಲಿ ಹೆಂಗಸರು ಸೊಪ್ಪಿನ ಕಟ್ಟುಗಳನ್ನು ಚೀಲಕ್ಕೆ ತುಂಬುತ್ತಿದ್ದುದು ಕಾಣುತ್ತಿತ್ತು.

"ಎದ್ಬುಟ್ವಿ ಕಣಪ್ಪ. ಬುಟ್ಬುಡು ಅವರ್ನ."

"ಯಾರಮ್ಮ ಏಳಕ್ಕೇಳಿದ್ದು ನಿಮ್ಗೆ?"

"ನೀನೇ ಅಲ್ವಾ ವಾರವಾರಾನೂ ಏಳಿ ಏಳಿ ಅಂತಿದ್ದೋನು?"

"ಇವತ್ತು ಹೇಳಿದ್ನಾ? ಇನ್ನೂ ಒತ್ತು ಅದೆ. ಹೋಗಿ ಕೂತ್ಕೊ ಹೋಗು."

"ನಿನ್ನ ರೋಡಲ್ಲಿ ಬೀಳ್ಸಿ ನಾವು ಸೊಪ್ಪು ಮಾರಾನಾ?" ಎಂದಳು ಅವಳು. ಟೋಪಿಯನ್ನು ಎತ್ತಿ ಸೀರೆಗೆ ಒರೆಸಿ ಅವನ ಕೈಗಿಟ್ಟಳು. "ನೋಡು, ಮೊಣಕೈ ತರಚೈತೆ. ಅರಿಸಿನ ಆಕ್ಕೊ."

ಜಯಪ್ರಕಾಶನಿಗೆ ಕಾರಿನವನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಅವಳ ಮೇಲೆ ಬಂತು. ಇಷ್ಟು ಹೊತ್ತು ತಾನು ನಿಂತದ್ದು, ಬಿದ್ದದ್ದು ಎಲ್ಲವೂ ದಂಡವಾಯಿತಲ್ಲ ಎನಿಸಿತು. ಆದರೆ ಹೆಂಗಸರು ಎದ್ದಾಗಿತ್ತು. ನಾಗಶ್ರೀ ಅವನ ಮುಖ ನೋಡಿ, ಬ್ಯಾರಿಕೇಡನ್ನು ಪಕ್ಕಕ್ಕೆ ಎಳೆದಳು.

ಕಾರುಗಳು ನುಗ್ಗಿದವು. ಹೊಳೆಯ ಹತ್ತಿರ ನಿಲ್ಲಿಸಲು ಜಾಗವೆಲ್ಲಿದೆ? ಮುಂದಿನವು ನಿಂತವು, ಹಿಂದಿನವು ಅವಕ್ಕೆ ಅಂಟಿಕೊಂಡವು. ಅರ್ಧ ಗಂಟೆಯೊಳಗೆ ಪೇಟೆಬೀದಿ ಆ ತುದಿಯಿಂದ ಈ ತುದಿಯವರೆಗೆ ಕಲ್ಲು ಜಡಿದಂತೆ ಬಿಗಿದುಕೊಂಡಿತು. ಬಿಳಿ ಕಾರು ಮರಿಸಿದ್ದಯ್ಯನ ಹೋಟೆಲಿನ ಎದುರಿಗೆ, ಚಿಕ್ಕಲಕ್ಷ್ಮಮ್ಮ ಕೂರುತ್ತಿದ್ದ ಜಾಗದಲ್ಲೇ ಸಿಕ್ಕಿಕೊಂಡಿತು. ಮಳವಳ್ಳಿಯ ಬಸ್ಸು ಒಳಗೆ ಬರಲಾರದೆ ದೂರದಲ್ಲೇ ನಿಂತಿತು. ಹಾಗಾಗಿ ಹೆಂಗಸರೂ ಊರಿಗೆ ಹೋಗುವಂತಿಲ್ಲ. ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ಜಗಲಿಗಳ ಮೇಲೆ ಕೂತರು. ಕಾರಿನವರು ಕಾರಿನಲ್ಲಿ ಕೂತರು. ಮಧ್ಯಾಹ್ನದ ಬಿಸಿಲಿಗೆ ಸೊಪ್ಪು ಬಾಡಿತು. ಜಯಪ್ರಕಾಶ್ ಕಾರುಗಳ ನಡುವೆ ಒಂದೊಂದನ್ನೇ ಹಿಂದೆ ಮುಂದೆ ಮಾಡಿಸುತ್ತಾ, ಸೀಟಿ ಊದಿ ಊದಿ ತುಟಿ ಮರಗಟ್ಟಿ, ಸಂಜೆಯವರೆಗೆ ನಡೆದಾಡಿದ.

ಮಾರನೆಯ ದಿನ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಅದರಲ್ಲಿ ಕಾರು ತಳ್ಳಿದ್ದಿರಲಿಲ್ಲ, ಅವನು ಬಿದ್ದದ್ದಿರಲಿಲ್ಲ. ಬಾನೆಟ್ಟು ಬಡಿದದ್ದು, "ಲೇ" ಎಂದದ್ದು ಮಾತ್ರ ಇತ್ತು. ಇನ್‌ಸ್ಪೆಕ್ಟರ್ ಕರೆಸಿದರು. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕೂಗಾಡುವವರಲ್ಲ.

"ಹನ್ನೊಂದು ಗಂಟೆ ಅಂತ ನಿಮಗೆ ಹೇಳಿದ್ದು ಯಾರು?"

"ಯಾರೂ ಇಲ್ಲ ಸರ್. ನಾನೇ ಮಾಡಿಕೊಂಡದ್ದು."

"ಯಾರ ಜೊತೆ?"

"ಸೊಪ್ಪು ಮಾರೋ ಹೆಂಗಸಿನ ಜೊತೆ."

ಇನ್‌ಸ್ಪೆಕ್ಟರ್ ಹಣೆ ಉಜ್ಜಿಕೊಂಡರು. "ನನಗೊಂದು ಮಾತು ಹೇಳೋದಲ್ವಾ?"

ಹೇಳಬಹುದಿತ್ತು. ಹೇಳಿದ್ದರೆ ಸಭೆ ಸೇರಬೇಕಿತ್ತು, ಸಭೆ ಸೇರಿದ್ದರೆ ಬೇಡವೆನ್ನುತ್ತಿದ್ದರು. ಅದನ್ನೆಲ್ಲ ವಿವರಿಸಲು ಜಯಪ್ರಕಾಶನಿಗೆ ಬೇಸರವಾಯಿತು. "ತಪ್ಪಾಯ್ತು ಸರ್," ಎಂದ.

ಸಭೆ ಹೇಗೂ ಸೇರಿತು. ಊರಿನ ಸಭಾಂಗಣದಲ್ಲಿ ರೆಸಾರ್ಟಿನವರು ಒಂದು ಕಡೆ, ಅಂಗಡಿಯವರು ಒಂದು ಕಡೆ. ಹೆಂಗಸರ ಪರವಾಗಿ ಚಿಕ್ಕಲಕ್ಷ್ಮಮ್ಮ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ರೆಸಾರ್ಟಿನವರು ಸಂತೆಯನ್ನು ತೆಗೆದೇಬಿಡಿ ಎಂದರು. ಅಂಗಡಿಯವರೂ ಅದನ್ನೇ ಹೇಳುತ್ತಾರೆಂದು ಜಯಪ್ರಕಾಶ್ ತಲೆ ತಗ್ಗಿಸಿ ಕೂತಿದ್ದ. ಆಗ ಹೋಟೆಲಿನ ಮರಿಸಿದ್ದಯ್ಯ ಎದ್ದ. ಹೆಂಗಸರು ತನ್ನ ಜಗಲಿ ಗಲೀಜು ಮಾಡುತ್ತಾರೆಂದು ವರ್ಷಗಟ್ಟಲೆ ದೂರು ಕೊಟ್ಟವನು ಅವನೇ.

"ನಾನು ಇದ್ದದ್ದು ಇದ್ದಂಗೆ ಹೇಳ್ತೀನಿ," ಎಂದ ಅವನು. "ಕಾರು ಬುಟ್ರೆ ಅವು ಸರ್ರಂತ ಹೊಳೆಗೆ ಹೋಯ್ತವೆ, ನಮ್ ಕಡೆ ತಿರುಗೂ ನೋಡಲ್ಲ. ಈ ಬೇಸಿಗೇಲಿ ಕಾರು ಸ್ಕೂಲ್ ತಾವ ನಿಲ್ಸಿ ನಡ್ಕಂಡು ಬಂದ್ರಲ್ಲ, ಅವರೆಲ್ಲ ನಮ್ಮಲ್ಲಿ ಕಾಫಿ ಕುಡುದ್ರು. ಸಂತೆ ಇರ್ಲಿ. ಹಂಗಂತ ಹನ್ನೊಂದ್ಗಂಟ ಜಾಸ್ತಿ ಆಯ್ತು."

ಆಮೇಲೆ ನಡೆದದ್ದು ಚೌಕಾಶಿ. ರೆಸಾರ್ಟಿನವರು ಒಂಬತ್ತು ಎಂದರು, ಮರಿಸಿದ್ದಯ್ಯ ಹತ್ತು ಎಂದ. ಹತ್ತಕ್ಕೆ ಇತ್ಯರ್ಥವಾಯಿತು. ಅಲ್ಲಿಯವರೆಗೆ ಪೇಟೆಬೀದಿಗೆ ಕಾರು ಬಿಡುವಂತಿಲ್ಲ, ಶಾಲೆಯ ಬಯಲಲ್ಲದೆ ಅದರ ಪಕ್ಕದ ಖಾಲಿ ಜಾಗವನ್ನೂ ಕಾರು ನಿಲ್ಲಿಸಲು ಬಿಡುವುದು, ಬೋರ್ಡು ಹಾಕುವುದು. ಕೊನೆಯಲ್ಲಿ ಯಾರೋ ಚಿಕ್ಕಲಕ್ಷ್ಮಮ್ಮನನ್ನೂ ಕೇಳಿದರು.

"ಅತ್ತಕ್ಕೇ ಅಂದ್ರೆ ದೂರದಳ್ಳಿಯೋರು ಬಂದು ಕೂರೊಷ್ಟ್ರಲ್ಲಿ ಏಳ್ಬೇಕು," ಎಂದಳು. ರೆಸಾರ್ಟಿನವರು ಆಗಲೇ ಏಳುತ್ತಿದ್ದರು. ಅವಳು ಎಲ್ಲರ ಮುಖವನ್ನೂ ನೋಡಿ, "ಆಗ್ಲಿ ಬುಡಿ," ಎಂದಳು.

ಹೊರಗೆ ಬಂದ ಮೇಲೆ ಜಯಪ್ರಕಾಶ್ ಅವಳ ಜೊತೆ ಬಸ್ಸಿನವರೆಗೆ ನಡೆದ. ಇಬ್ಬರೂ ನಿಧಾನವಾಗಿ ನಡೆಯುವವರೇ.

"ನಿನ್ನೇನೂ ಮಾಡ್ನಿಲ್ವಾ ಸಾಹೇಬ್ರು?"

"ಬೈದ್ರು, ಅಷ್ಟೇಯ. ಬೇರೆ ಯಾರು ನಿಲ್ತಾರೆ ಇಲ್ಲಿ ಬಂದು?"

"ಅವತ್ತು ನಾವು ಏಳ್ಬಾರ್ದಿತ್ತಾ?" ಎಂದಳು ಅವಳು, ರಸ್ತೆ ನೋಡುತ್ತಾ.

ಅವನು ಯೋಚಿಸಿದ. ಏಳದಿದ್ದರೆ ಇನ್ನೂ ಯಾರ್‍ಯಾರು ಬೀಳುತ್ತಿದ್ದರೋ. ಎದ್ದದ್ದರಿಂದ ಆ ದಿನದ ಸೊಪ್ಪೆಲ್ಲ ತಿಪ್ಪೆಗೆ ಹೋಯಿತು. "ಗೊತ್ತಿಲ್ಲ ಕಣಮ್ಮ," ಎಂದ. "ನಂಗೆ ಮಾತ್ರ ಅವತ್ತು ನಿನ್ ಮ್ಯಾಲೆ ಬಂದ ಸಿಟ್ಟು ಎಂಡ್ರು ಮ್ಯಾಲೂ ಬಂದಿಲ್ಲ."

ಚಿಕ್ಕಲಕ್ಷ್ಮಮ್ಮ ನಕ್ಕಳು. ಅವಳು ನಕ್ಕದ್ದನ್ನು ಅವನು ನೋಡಿದ್ದು ಅದೇ ಮೊದಲು. ಮೇಲಿನ ಸಾಲಿನಲ್ಲಿ ಹಲ್ಲುಗಳೇ ಇರಲಿಲ್ಲ.

"ನಿಂಗೆ ರಿಟೈರು ಯಾವಾಗ?"

"ಬರೋ ವರ್ಸ."

"ಆಮೇಲೆ ಬರೋನು ಎಂಗೋ ಏನೋ."

"ಬೋರ್ಡ್ ಆಕ್ತಾವ್ರಲ್ಲಮ್ಮ."

"ಬೋರ್ಡು ಕಾರ್ ನಿಲ್ಸುತ್ತಾ?"

ಬಸ್ಸು ಬಂತು. ಕಂಬಿ ಹಿಡಿದು ಅವಳು ಹತ್ತುವವರೆಗೆ ಅವನು ಡ್ರೈವರಿಗೆ ಕೈ ಅಡ್ಡ ಹಿಡಿದು ನಿಂತ. ಬಸ್ಸು ಹೋದ ಮೇಲೆ ಸ್ಟೇಷನ್ನಿನ ಕಡೆಗೆ ಹೊರಟ. ಅಂದು ಗುರುವಾರ, ಬೀದಿ ಖಾಲಿಯಿತ್ತು. ಹೋಟೆಲಿನ ಎದುರಿಗೆ ಯಾರದೋ ಸ್ಕೂಟರು ಅಡ್ಡಾದಿಡ್ಡಿಯಾಗಿ ನಿಂತಿತ್ತು. ಅವನು ಅದನ್ನು ನೋಡಿದ. ಇವತ್ತಿಗೆ ಇರಲಿ ಬಿಡು ಎಂದುಕೊಂಡು, ಪಕ್ಕದಿಂದ ಬಳಸಿಕೊಂಡು ಮುಂದೆ ನಡೆದ.